ಹದಿನಾಲ್ಕು ತಿಂಗಳ ಮಗಳು ಕುಳಿತೇ ಜರುಗುತ್ತಾಳೆ, ನಿಲ್ಲುವುದಿಲ್ಲ: ಕಾಯಬೇಕೇ, ತೋರಿಸಬೇಕೇ?

ಹುಬ್ಬಳ್ಳಿಯ ಅಪ್ಪ

ಎಲ್ಲರಿಗೂ ನಮಸ್ಕಾರ. ಕ್ಯಾಸಲ್ ರಾಕ್‌ನ ರನ್ನಿಂಗ್ ರೂಮಿನಿಂದ, ಅಂದರೆ ರೈಲು ಸಿಬ್ಬಂದಿ ತಂಗುವ ಕೋಣೆಯಿಂದ, ಬರೆಯುತ್ತಿದ್ದೇನೆ. ಬೆಳಗಿನ ಜಾವ ಮತ್ತೆ ಗಾಡಿ ಹತ್ತಬೇಕು, ಆದರೂ ನಿದ್ದೆ ಬರುತ್ತಿಲ್ಲ. ನಾನು ಗೂಡ್ಸ್ ಗಾಡಿಯ ಗಾರ್ಡ್. 2022ರಲ್ಲಿ ನಮ್ಮ ಹುದ್ದೆಯ ಹೆಸರನ್ನು ಟ್ರೈನ್ ಮ್ಯಾನೇಜರ್ ಎಂದು ಬದಲಿಸಿದರು. ಅವ್ವನಿಗೆ ನಾನು ಇಂದಿಗೂ ಗಾರ್ಡ್. ಮನೆ ಹುಬ್ಬಳ್ಳಿಯಲ್ಲಿ, ಗದಗ ರಸ್ತೆಯ ಕಡೆಯ ಕ್ವಾರ್ಟರ್ಸಿನಲ್ಲಿ. ವಾರದಲ್ಲಿ ಮೂರು ನಾಲ್ಕು ರಾತ್ರಿ ನಾನು ಹೊರಗೇ ಇರುತ್ತೇನೆ.

ಮಗಳಿಗೆ ಮೊನ್ನೆ ಹದಿನಾಲ್ಕು ತಿಂಗಳು ತುಂಬಿತು. ಇನ್ನೂ ನಿಲ್ಲುವುದಿಲ್ಲ. ಅಂಬೆಗಾಲನ್ನಂತೂ ಇಡಲೇ ಇಲ್ಲ. ಮೊದಲಿನಿಂದಲೂ ಬೋರಲು ಹಾಕಿದರೆ ಅವಳಿಗೆ ಆಗುತ್ತಿರಲಿಲ್ಲ. ಮುಖ ಕೆಂಪಗೆ ಮಾಡಿಕೊಂಡು ಅಳುತ್ತಿದ್ದಳು, ನಾವು ಎತ್ತಿಕೊಳ್ಳುತ್ತಿದ್ದೆವು. ಎಂಟನೆಯ ತಿಂಗಳಿಗೆ ಗಟ್ಟಿಯಾಗಿ ಕುಳಿತಳು. ಹತ್ತು ತಿಂಗಳಿಗೆ ಕುಳಿತಲ್ಲಿಂದಲೇ ಜರುಗುವುದನ್ನು ಕಲಿತಳು. ಒಂದು ಕೈಯನ್ನು ನೆಲಕ್ಕೆ ಊರಿ, ಹಿಮ್ಮಡಿಯನ್ನು ಮುಂದೆ ಒತ್ತಿ, ಮೈಯನ್ನು ಎಳೆದುಕೊಂಡು ಬರುತ್ತಾಳೆ. ನಮ್ಮದು ಶಹಾಬಾದ್ ಕಲ್ಲಿನ ನೆಲ, ನುಣುಪಾಗಿದೆ. ಅಡುಗೆಮನೆಯಿಂದ ಪಡಸಾಲೆಗೆ ಎಷ್ಟು ಬೇಗ ಬರುತ್ತಾಳೆಂದರೆ ಅವ್ವ ಅವಳ ಚಡ್ಡಿಗಳಿಗೆಲ್ಲ ಹಿಂದೆ ಇನ್ನೊಂದು ಪದರ ಬಟ್ಟೆ ಹಚ್ಚಿ ಹೊಲಿದಿದ್ದಾಳೆ. ಆದರೆ ಬಾಗಿಲಿನ ಹೊಸಿಲು ಬಂದರೆ ನಿಂತುಬಿಡುತ್ತಾಳೆ. ಜರುಗುವ ಮಗುವಿಗೆ ಮೂರು ಇಂಚಿನ ಹೊಸಿಲು ದೊಡ್ಡ ಗೋಡೆ. ಈಚೆಗೆ ಕುಳಿತು ಕೈ ಚಾಚುತ್ತಾಳೆ.

ಕಂಕುಳಲ್ಲಿ ಹಿಡಿದು ನಿಲ್ಲಿಸಲು ಹೋದರೆ ಎರಡೂ ಕಾಲುಗಳನ್ನು ಮುಂದಕ್ಕೆ ಎತ್ತಿ, ಗಾಳಿಯಲ್ಲೇ ಕುರ್ಚಿ ಹಾಕಿಕೊಂಡವರ ಹಾಗೆ ಕುಳಿತುಬಿಡುತ್ತಾಳೆ. ಪಾದ ನೆಲಕ್ಕೆ ತಾಗಿಸುವುದೇ ಇಲ್ಲ. ಉಳಿದದ್ದೆಲ್ಲ ಚೆನ್ನಾಗಿದೆ. ಅವ್ವ, ಆಯಿ, ಬಾ ಎನ್ನುತ್ತಾಳೆ. ಯಾರ್ಡಿನಲ್ಲಿ ಎಂಜಿನ್ ಕೂಗಿದರೆ ಆಟ ಬಿಟ್ಟು ನನ್ನ ಮುಖ ನೋಡುತ್ತಾಳೆ, ಇವನನ್ನೇ ಕರೆಯುತ್ತಿದ್ದಾರೆ ಎಂದು ಅವಳಿಗೆ ತಿಳಿದ ಹಾಗೆ. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಟ್ಟರೆ ತಾನೇ ತಿನ್ನುತ್ತಾಳೆ.

ಶಿವರಾತ್ರಿಗೆ ಸಿದ್ಧಾರೂಢ ಮಠದ ಜಾತ್ರೆಗೆ ಹೋಗಿದ್ದೆವು. ಅಣ್ಣನ ಮಗ ಇವಳಿಗಿಂತ ಹದಿನೈದು ದಿನಕ್ಕೆ ಚಿಕ್ಕವನು. ವೈನಿಯ ಕೈ ಬಿಡಿಸಿಕೊಂಡು ಜನರ ಕಾಲುಗಳ ಮಧ್ಯೆ ಓಡುತ್ತಿದ್ದ. ನನ್ನ ಮಗಳು ನನ್ನ ತೋಳಿನಲ್ಲಿದ್ದಳು. ನಾಲ್ಕು ಜನ ಕೇಳಿದರು, ಇನ್ನೂ ಎತ್ತಿಕೊಂಡೇ ಇದ್ದೀರಾ ಎಂದು. ಹೆಂಡತಿ ಆಗ ನಕ್ಕಳು. ರಾತ್ರಿ ಮನೆಗೆ ಬಂದು ತೊಟ್ಟಿಲ ಪಕ್ಕ ಕುಳಿತು ಅತ್ತಳು. ಎಂಟನೆಯ ತಿಂಗಳಿನಲ್ಲೇ ಹೆರಿಗೆ ಆಗಿತ್ತು, ಬಸುರಿಯಾಗಿದ್ದಾಗ ನಾನೇ ಏನಾದರೂ ತಪ್ಪು ಮಾಡಿದೆನೇ ಎಂದು ಕೇಳುತ್ತಾಳೆ. ಅದಕ್ಕೆ ನನ್ನ ಬಳಿ ಉತ್ತರವಿಲ್ಲ.

ಒಬ್ಬ ವೈದ್ಯರಿಗೆ ತೋರಿಸಿದೆವು. ಎತ್ತಿ ನಿಲ್ಲಿಸಿ ನೋಡಿ, ನಡೆಯುತ್ತಾಳೆ ಬಿಡಿ ಎಂದು ಎರಡೇ ನಿಮಿಷದಲ್ಲಿ ಕಳುಹಿಸಿದರು. ಅಣ್ಣ ದುರ್ಗದಬೈಲಿನಿಂದ ಸುತ್ತಲೂ ಗಾಲಿ ಇರುವ, ನಡುವೆ ಮಗುವನ್ನು ಕೂರಿಸುವ ಪ್ಲಾಸ್ಟಿಕ್ ವಾಕರ್ ತಂದುಕೊಟ್ಟಿದ್ದಾನೆ. ಇನ್ನೂ ಕವರ್ ಬಿಚ್ಚಿಲ್ಲ.

ಮೂರು ಪ್ರಶ್ನೆ. ಇದು ಕಾಯಬಹುದಾದ ಸಂಗತಿಯೇ? ಎಲ್ಲಿಯವರೆಗೆ ಕಾಯಬೇಕು? ಆ ವಾಕರಿನಲ್ಲಿ ಕೂರಿಸಬಹುದೇ? ತಿಳಿದವರು ದಯವಿಟ್ಟು ಹೇಳಿ.

ಶಿರಸಿ ಕಡೆಯ ಅಜ್ಜಿ

ತಮ್ಮಾ, ಮೊದಲು ಆ ವಾಕರನ್ನು ಅಟ್ಟಕ್ಕೆ ಹಾಕು. ಅಥವಾ ಅಂಗಡಿಗೇ ಹಿಂದಿರುಗಿಸು. ನಮ್ಮ ನೆರೆಮನೆಯಲ್ಲಿ ಮಗುವನ್ನು ಅದರಲ್ಲಿ ಕೂರಿಸಿ ಒಲೆ ನೋಡಲು ಒಳಗೆ ಹೋದರು. ತಿರುಗಿ ಬರುವಷ್ಟರಲ್ಲಿ ಮಗು ಜಗಲಿಯ ಮೆಟ್ಟಿಲಿನಿಂದ ವಾಕರ್ ಸಮೇತ ಅಂಗಳಕ್ಕೆ ಬಿದ್ದಿತ್ತು. ಹಣೆಗೆ ಆರು ಹೊಲಿಗೆ ಬಿದ್ದವು. ಆ ಸದ್ದು ನನಗೆ ಈಗಲೂ ಕೇಳುತ್ತದೆ.

ನಿನ್ನ ಮಗಳ ಹಾಗೆಯೇ ನನ್ನ ಎರಡನೆಯ ಮಗ ಕುಳಿತೇ ಜರುಗುತ್ತಿದ್ದ. ಅವನಿಗೆ ಈಗ 41 ವರ್ಷ. ಇಪ್ಪತ್ತನೆಯ ತಿಂಗಳಿನಲ್ಲಿ ನಡೆದ. ಅದುವರೆಗೆ ಊರೆಲ್ಲ ಬಂದು ಉಪಚಾರದ ಮಾತು ಹೇಳಿ ಹೋಗಿತ್ತು. ನನ್ನ ಅತ್ತೆ ಒಬ್ಬರೇ ಏನೂ ಹೇಳಲಿಲ್ಲ, ಏಕೆಂದರೆ ಅವರ ಮಗ, ಅಂದರೆ ನಮ್ಮ ಮನೆಯವರೂ ಹಾಗೆಯೇ ಜರುಗಿದವರಂತೆ. ನಿನ್ನ ಅವ್ವನನ್ನು ಕೇಳಿ ನೋಡು, ನೀನು ಎಷ್ಟು ತಿಂಗಳಿಗೆ ನಡೆದೆ, ಅಂಬೆಗಾಲು ಇಟ್ಟಿದ್ದೆಯೋ ಇಲ್ಲವೋ ಎಂದು. ಹೆಂಡತಿಯ ತವರಿನಲ್ಲೂ ಕೇಳು. ಇದು ಎಷ್ಟೋ ಮನೆಗಳಲ್ಲಿ ವಂಶದಲ್ಲೇ ಬರುತ್ತದೆ.

ನಮ್ಮ ಮನೆಯವರು ಜಗಲಿಯ ಎರಡು ಕಂಬಗಳಿಗೆ ಮಗುವಿನ ಎದೆಯ ಎತ್ತರಕ್ಕೆ ಅಡಿಕೆ ದಬ್ಬೆಯನ್ನು ಚೆನ್ನಾಗಿ ಕೆತ್ತಿ, ಸಿಬಿರು ಏಳದ ಹಾಗೆ ಉಜ್ಜಿ, ಅಡ್ಡಲಾಗಿ ಕಟ್ಟಿದ್ದರು. ಅದನ್ನು ಹಿಡಿದುಕೊಂಡು ಮಗು ಪಕ್ಕಕ್ಕೆ ಪಕ್ಕಕ್ಕೆ ಸರಿಯುತ್ತ ಹೋಗುತ್ತಿತ್ತು. ತಾನೇ ಹಿಡಿಯಬೇಕು, ತಾನೇ ಬಿಡಬೇಕು. ಯಾರೂ ಕೈ ಹಿಡಿದು ಎಳೆಯಬಾರದು.

ನಿನ್ನ ಹೆಂಡತಿಗೆ ಹೇಳು, ಅವಳು ಯಾವ ತಪ್ಪನ್ನೂ ಮಾಡಿಲ್ಲ. ಕಾಯಿರಿ, ನಡೆಯುತ್ತಾಳೆ.

ಮಕ್ಕಳ ಫಿಜಿಯೊಥೆರಪಿಸ್ಟ್, ಮೈಸೂರು

ನೀವು ಬರೆದ ಒಂದು ಮಾತನ್ನು ನೀವೇ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಎಂಟನೆಯ ತಿಂಗಳಿನಲ್ಲೇ ಹೆರಿಗೆ ಆಯಿತು ಎಂದಿದ್ದೀರಿ. ಎಷ್ಟನೆಯ ವಾರ ಎಂದು ಡಿಸ್ಚಾರ್ಜ್ ಚೀಟಿಯಲ್ಲಿ ಇರುತ್ತದೆ. 35 ವಾರ ಎಂದಿಟ್ಟುಕೊಳ್ಳಿ. ಪೂರ್ಣ ಅವಧಿ 40 ವಾರ. ಐದು ವಾರ ಮೊದಲೇ ಬಂದಳು. ಹೀಗೆ ಬೇಗ ಹುಟ್ಟಿದ ಮಕ್ಕಳ ಬೆಳವಣಿಗೆಯನ್ನು ನೋಡುವಾಗ ಎರಡು ವರ್ಷದವರೆಗೆ ಆ ವಾರಗಳನ್ನು ಕಳೆದು ವಯಸ್ಸನ್ನು ಎಣಿಸುತ್ತೇವೆ. ಆ ಲೆಕ್ಕದಲ್ಲಿ ಅವಳಿಗೆ ಇನ್ನೂ ಹದಿಮೂರು ತಿಂಗಳು ತುಂಬಿಲ್ಲ. ನಿಮ್ಮ ಅಣ್ಣನ ಮಗ ಪೂರ್ಣ ಅವಧಿಗೆ ಹುಟ್ಟಿದ್ದರೆ, ಅವನು ಚಿಕ್ಕವನಲ್ಲ, ನಿಮ್ಮ ಮಗಳಿಗಿಂತ ಸುಮಾರು ಮೂರು ವಾರಕ್ಕೆ ದೊಡ್ಡವನು.

ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ತಿಂಗಳುಗಟ್ಟಲೆ ಗಮನಿಸಿ, ಯಾವ ಹೆಜ್ಜೆ ಯಾವ ವಯಸ್ಸಿನಲ್ಲಿ ಬಂತು ಎಂಬುದನ್ನು 2006ರಲ್ಲಿ ಪ್ರಕಟಿಸಿತು. ಯಾರ ಸಹಾಯವೂ ಇಲ್ಲದೆ ನಡೆದ ವಯಸ್ಸು 8.2 ತಿಂಗಳಿನಿಂದ 17.6 ತಿಂಗಳವರೆಗೆ ಹರಡಿತ್ತು. ಒಂಬತ್ತು ತಿಂಗಳಿಗಿಂತ ಹೆಚ್ಚಿನ ಅಂತರ! ನೂರರಲ್ಲಿ ನಾಲ್ಕು ಮಕ್ಕಳು ಅಂಬೆಗಾಲನ್ನು ಇಡದೆಯೇ ನಡಿಗೆಗೆ ಹೋಗಿದ್ದರು. ಕುಳಿತು ಜರುಗುವ ಮಕ್ಕಳು ಸಾಮಾನ್ಯವಾಗಿ ಇನ್ನೂ ತಡವಾಗಿಯೇ ನಡೆಯುತ್ತಾರೆ. ಬೋರಲು ಹಾಕಿದರೆ ಅಳುವುದು, ಎತ್ತಿ ಹಿಡಿದರೆ ಗಾಳಿಯಲ್ಲಿ ಕುಳಿತುಕೊಳ್ಳುವುದು, ಇವೆರಡೂ ಅಂಥ ಮಕ್ಕಳಲ್ಲಿ ನಾವು ಪದೇ ಪದೇ ನೋಡುವ ಗುರುತುಗಳು. ನೀವು ಅದನ್ನು ಬಹಳ ಸರಿಯಾಗಿ ವರ್ಣಿಸಿದ್ದೀರಿ.

ಆದರೂ ಒಮ್ಮೆ ಸರಿಯಾಗಿ ಪರೀಕ್ಷೆ ಮಾಡಿಸಿ ಎಂದೇ ಹೇಳುತ್ತೇನೆ, ಮತ್ತು ಅದಕ್ಕೆ ಎರಡು ನಿಮಿಷ ಸಾಲದು. ಅಲ್ಲಿಯವರೆಗೆ ಮನೆಯಲ್ಲಿ ಇವನ್ನು ಗಮನಿಸಿ ಬರೆದಿಡಿ. ಜರುಗುವಾಗ ಯಾವಾಗಲೂ ಒಂದೇ ಕೈಯನ್ನು ಊರುತ್ತಾಳೆಯೇ? ಚಮಚ, ಚೆಂಡು ಹಿಡಿಯುವಾಗ ಎರಡೂ ಕೈಗಳನ್ನು ಬಳಸುತ್ತಾಳೆಯೇ? ಒಂದು ಕೈ ಸದಾ ಮುಷ್ಟಿ ಕಟ್ಟಿಕೊಂಡಿರುತ್ತದೆಯೇ? ಸ್ನಾನ ಮಾಡಿಸುವಾಗ ಎರಡೂ ಕಾಲುಗಳ ಉದ್ದ ಸಮವಿದೆಯೇ, ತೊಡೆಯ ಮಡಿಕೆಗಳು ಎರಡೂ ಕಡೆ ಒಂದೇ ರೀತಿ ಇವೆಯೇ, ಲಂಗೋಟಿ ಕಟ್ಟುವಾಗ ಒಂದು ಕಾಲು ಬಿಗಿದುಕೊಂಡು ಅಗಲವಾಗದೆ ಉಳಿಯುತ್ತದೆಯೇ? ಮೈ ತೀರಾ ಸಡಿಲವೋ, ಕಾಲುಗಳು ಬಿರುಸಾಗಿವೆಯೋ? ಮೊದಲು ಮಾಡುತ್ತಿದ್ದ ಏನನ್ನಾದರೂ ಈಗ ಮಾಡುವುದನ್ನು ಬಿಟ್ಟಿದ್ದಾಳೆಯೇ? ಇವುಗಳಲ್ಲಿ ಯಾವುದರಲ್ಲಾದರೂ ವ್ಯತ್ಯಾಸ ಕಂಡರೆ ಈ ವಾರವೇ ಹೋಗಿ. ಏನೂ ಇಲ್ಲದಿದ್ದರೂ ಹದಿನೆಂಟು ತಿಂಗಳಿಗೆ ಸ್ವತಂತ್ರವಾಗಿ ನಡೆಯದ ಯಾವ ಮಗುವನ್ನೂ ತೋರಿಸಲೇಬೇಕು.

ವಾಕರ್ ಬೇಡ. ಅಜ್ಜಿ ಹೇಳಿದ ಅಪಾಯವೇ ಮೊದಲ ಕಾರಣ. ಕೆನಡಾ ದೇಶ 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು. ಇನ್ನೊಂದು ಕಾರಣವಿದೆ. ಅದರಲ್ಲಿ ಮಗು ತನ್ನ ತೂಕವನ್ನು ತಾನು ಹೊರುವುದಿಲ್ಲ, ಬಟ್ಟೆಯ ಆಸನ ಹೊರುತ್ತದೆ. ಕಾಲಿನ ತುದಿಯಿಂದ ನೆಲವನ್ನು ತಳ್ಳಲು ಕಲಿಯುತ್ತದೆ, ತಟ್ಟೆಯಂಥ ಅಂಚು ಅಡ್ಡ ಬಂದು ತನ್ನ ಪಾದವೇ ಅದಕ್ಕೆ ಕಾಣುವುದಿಲ್ಲ. ನಡಿಗೆಗೆ ಬೇಕಾದದ್ದು ತೂಗಾಟವನ್ನು ತಡೆದುಕೊಳ್ಳುವ ಅಭ್ಯಾಸ. ಅದು ವಾಕರಿನಲ್ಲಿ ಸಿಗುವುದೇ ಇಲ್ಲ. ಮಗು ಹಿಡಿದು ನಿಲ್ಲುವುದನ್ನು ಕಲಿತ ಮೇಲೆ, ಹಿಂದಿನಿಂದ ತಳ್ಳಿಕೊಂಡು ಹೋಗುವ ಮೂರು ಗಾಲಿಯ ಮರದ ಗಾಡಿ ಒಳ್ಳೆಯದು, ದೊಡ್ಡವರು ಜೊತೆಗಿದ್ದರೆ. ಚನ್ನಪಟ್ಟಣದಲ್ಲಿ ಅರಗು ಹಚ್ಚಿದವು ಸಿಗುತ್ತವೆ. ಗಾಡಿ ಹಗುರವಾಗಿದ್ದು ಮುಂದಕ್ಕೆ ಓಡಿಹೋಗುವಂತಿದ್ದರೆ ಅದರ ಮೇಲೆ ಒಂದೆರಡು ಕಿಲೋ ಅಕ್ಕಿಯ ಚೀಲ ಇಡಿ.

ಇಂದಿನಿಂದಲೇ ಮಾಡಬಹುದಾದದ್ದು: ನಿಮ್ಮ ತೊಡೆಯ ಮೇಲೆ ಅವಳನ್ನು ಕುದುರೆ ಏರಿದ ಹಾಗೆ ಕೂರಿಸಿ, ಎರಡೂ ಪಾದ ನೆಲಕ್ಕೆ ತಾಗಿರಲಿ. ಮುಂದೆ ಒಂದು ಸ್ಟೂಲಿನ ಮೇಲೆ ಆಟಿಕೆ ಇಡಿ. ಅದನ್ನು ಹಿಡಿಯಲು ಮುಂದಕ್ಕೆ ಬಾಗಿದಾಗ ತೂಕ ತಾನಾಗಿ ಪಾದಕ್ಕೆ ಇಳಿಯುತ್ತದೆ. ಕಂಕುಳಲ್ಲಿ ಹಿಡಿದು ನೇತಾಡಿಸಬೇಡಿ. ಹೊಟ್ಟೆ ತುಂಬಿದ ಕೂಡಲೇ ಬೇಡ, ಅಳುತ್ತಿದ್ದರೆ ಬೇಡ; ದಿನಕ್ಕೆ ನಾಲ್ಕೈದು ಸಲ, ಎರಡು ನಿಮಿಷ ಸಾಕು.

ಪುಣೆಯಲ್ಲಿರುವ ಕಲಬುರಗಿಯವಳು

ಅಜ್ಜಿಯವರ ಮೇಲೆ ಗೌರವವಿದೆ. ಆದರೆ ಕಾಯಿರಿ ಎನ್ನುವ ಮಾತಿನಿಂದ ನನ್ನ ಮಗ ಐದು ತಿಂಗಳು ಕಳೆದುಕೊಂಡ. ಹಾಗಾಗಿ ನಾನು ಬರೆಯಲೇಬೇಕು.

ಅವನೂ ಹದಿನಾಲ್ಕು ತಿಂಗಳಿಗೆ ನಿಲ್ಲುತ್ತಿರಲಿಲ್ಲ. ನಿಲ್ಲಿಸಿದರೆ ಅಳುತ್ತಿದ್ದ. ಮಲಗಿದಾಗ ತಲೆ ಬೆವರಿ ದಿಂಬು ಒದ್ದೆಯಾಗುತ್ತಿತ್ತು. ಹಲ್ಲು ಎರಡೇ ಬಂದಿದ್ದವು. ಎಲ್ಲವನ್ನೂ ಒಂದೊಂದಾಗಿ ನೋಡಿದೆ, ಒಟ್ಟಿಗೆ ನೋಡಲಿಲ್ಲ. ಗಂಡು ಮಕ್ಕಳು ತಡ, ಹಲ್ಲು ತಡವಾದರೆ ಗಟ್ಟಿ, ಎಲ್ಲದಕ್ಕೂ ಒಂದೊಂದು ಮಾತು ಸಿದ್ಧವಿತ್ತು. ಹತ್ತೊಂಬತ್ತನೆಯ ತಿಂಗಳಿನಲ್ಲಿ ಲಸಿಕೆಗೆ ಹೋದಾಗ ಹೊಸದಾಗಿ ಬಂದಿದ್ದ ವೈದ್ಯೆಯೊಬ್ಬರು ಅವನ ಮಣಿಕಟ್ಟನ್ನು ಹಿಡಿದು ಸುಮ್ಮನೆ ಸ್ವಲ್ಪ ಹೊತ್ತು ನೋಡಿದರು. ಮಣಿಕಟ್ಟು ದಪ್ಪಗಿತ್ತು. ಆ ದಪ್ಪವನ್ನು ನಾನು ಆರೋಗ್ಯ ಎಂದುಕೊಂಡಿದ್ದೆ. ರಕ್ತ ಪರೀಕ್ಷೆ, ಎಕ್ಸ್‌ರೇ ಆಯಿತು. ವಿಟಮಿನ್ ಡಿ ಕೊರತೆಯಿಂದ ಬರುವ ರಿಕೆಟ್ಸ್. ಮೂಳೆ ಮೆತ್ತಗಾಗಿತ್ತು, ನಿಲ್ಲಿಸಿದಾಗ ಅವನಿಗೆ ನೋವಾಗುತ್ತಿತ್ತು. ಅದಕ್ಕೇ ಅಳುತ್ತಿದ್ದ.

ಕಲಬುರಗಿಯಂಥ ಬಿಸಿಲಿನ ಊರಿನಲ್ಲಿ ಬೆಳೆದವಳು ನಾನು. ಇಲ್ಲಿ ನಾಲ್ಕನೆಯ ಮಹಡಿಯ ಮನೆ, ಕಿಟಕಿಗೆ ಪರದೆ, ದೃಷ್ಟಿಯಾಗುತ್ತದೆ ಎಂದು ಹೊರಗೆ ಒಯ್ಯಲಿಲ್ಲ. ಎದೆಹಾಲಿನಲ್ಲಿ ವಿಟಮಿನ್ ಡಿ ಬಹಳ ಕಡಿಮೆ ಇರುತ್ತದೆ, ಅದಕ್ಕಾಗಿಯೇ ಮಕ್ಕಳಿಗೆ ಹನಿ ಕೊಡಲು ಬರೆದುಕೊಡುತ್ತಾರೆ. ಒಂದು ಸೀಸೆ ಮುಗಿದ ಮೇಲೆ ನಾನು ಮತ್ತೆ ತರಲಿಲ್ಲ. ಔಷಧಿ ಶುರುವಾದ ಮೂರೂವರೆ ತಿಂಗಳಿಗೆ ನಡೆದ. ಈಗ ನಾಲ್ಕು ವರ್ಷ, ಕಾಲು ನೇರವಾಗಿವೆ.

ನಿಮ್ಮ ಮಗಳಿಗೂ ಇದೇ ಆಗಿದೆ ಎಂದು ನಾನು ಹೇಳುತ್ತಿಲ್ಲ. ನಡೆದರೂ ನಡೆದಾಳು. ಆದರೆ ಒಂದು ಸಲ ತೋರಿಸಿ, ಆಮೇಲೆ ಕಾಯಿರಿ. ತೋರಿಸಿ ಕಾಯುವುದು ಬೇರೆ, ತೋರಿಸದೆ ಕಾಯುವುದು ಬೇರೆ.

ಅಂಗನವಾಡಿ ಕಾರ್ಯಕರ್ತೆ, ಹಾಸನ ಜಿಲ್ಲೆ

ಅಣ್ಣಾ, ಮನೆಯಲ್ಲಿ ತಾಯಿ ಕಾರ್ಡ್ ಇದ್ದರೆ ತೆಗೆದು ನೋಡಿ. ಲಸಿಕೆಯ ಪುಟವನ್ನು ಮಾತ್ರ ಎಲ್ಲರೂ ನೋಡುತ್ತಾರೆ. ಅದರಲ್ಲಿ ಯಾವ ತಿಂಗಳಿಗೆ ಮಗು ಏನು ಮಾಡುತ್ತದೆ ಎಂದು ಚಿತ್ರಗಳಿವೆ, ತೂಕದ ರೇಖೆ ಇದೆ. ಆಸ್ಪತ್ರೆಗೆ ಹೋಗುವಾಗ ಅದನ್ನೂ ಡಿಸ್ಚಾರ್ಜ್ ಚೀಟಿಯನ್ನೂ ಒಯ್ಯಿರಿ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಎಂದು 2013ರಿಂದ ನಡೆಯುತ್ತಿದೆ. ಅದರ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ನೋಡುತ್ತದೆ. ಬೆಳವಣಿಗೆ ತಡವಾಗಿದೆ ಎನಿಸಿದರೆ ಜಿಲ್ಲಾ ಆಸ್ಪತ್ರೆಯ ಡಿಇಐಸಿಗೆ, ಅಂದರೆ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ನೋಡುವ ಕೇಂದ್ರಕ್ಕೆ, ಬರೆದುಕೊಡುತ್ತಾರೆ. ಅಲ್ಲಿ ಮಕ್ಕಳ ವೈದ್ಯರು, ಫಿಜಿಯೊ ಎಲ್ಲರೂ ಒಂದೇ ಕಡೆ ನೋಡುತ್ತಾರೆ, ಹಣ ಕೊಡಬೇಕಾಗಿಲ್ಲ. ನಿಮ್ಮ ವಾರ್ಡಿನ ಅಂಗನವಾಡಿಗೆ ಹೋಗಿ ಕೇಳಿ. ರೈಲ್ವೆ ಕ್ವಾರ್ಟರ್ಸಿನವರು ಅಂಗನವಾಡಿ ನಮಗಲ್ಲ ಎಂದುಕೊಂಡಿರುತ್ತಾರೆ. ಅದು ಎಲ್ಲ ಮಕ್ಕಳದ್ದು.

ಕಬ್ಬಿಣಾಂಶದ ಸಿರಪ್ ಕೊಡುತ್ತಿದ್ದೀರಾ? ಆರು ತಿಂಗಳಿನಿಂದ ಐದು ವರ್ಷದವರೆಗೆ ವಾರಕ್ಕೆ ಎರಡು ಸಲ ಒಂದು ಮಿಲಿಲೀಟರ್, ಆಶಾ ಕಾರ್ಯಕರ್ತೆಯರ ಬಳಿ ಸಿಗುತ್ತದೆ. ರಕ್ತ ಕಡಿಮೆ ಇರುವ ಮಗು ಸುಸ್ತಾಗಿ ಕುಳಿತೇ ಇರುತ್ತದೆ. ಹಾಲನ್ನೇ ಹೊಟ್ಟೆ ತುಂಬ ಕುಡಿಸಿದರೆ ಊಟ ಸೇರುವುದಿಲ್ಲ, ಅದನ್ನೂ ನೋಡಿಕೊಳ್ಳಿ.

ಹದಿನಾರು ವರ್ಷದಿಂದ ತೂಕ ಮಾಡುತ್ತಿದ್ದೇನೆ. ಮಗುವನ್ನು ತಾನೇ ಎತ್ತಿಕೊಂಡು ಬಂದು ತಕ್ಕಡಿಯಲ್ಲಿ ಕೂರಿಸಿದ ಅಪ್ಪಂದಿರು ನನ್ನ ಕೇಂದ್ರದಲ್ಲಿ ಬೆರಳೆಣಿಕೆಯಷ್ಟು. ನೀವು ಕೇಳಿದ್ದು ಒಳ್ಳೆಯದಾಯಿತು.

ಲೋಕೊ ಪೈಲಟ್ ಮನೆಯವಳು, ಗುಂತಕಲ್

ನಮ್ಮವರೂ ರನ್ನಿಂಗ್ ಸ್ಟಾಫ್, ಎಂಜಿನ್ ಓಡಿಸುವವರು. ನಿಮ್ಮ ಪ್ರಶ್ನೆಯಲ್ಲಿ ಕೇಳದೆ ಬಿಟ್ಟ ಇನ್ನೊಂದು ಪ್ರಶ್ನೆ ಇದೆ ಎನಿಸಿತು. ನಾನು ಇಲ್ಲದಾಗ ನಡೆದುಬಿಟ್ಟರೆ ಎಂದು.

ನನ್ನ ಮಗಳು ಮೊದಲ ಹೆಜ್ಜೆ ಇಟ್ಟಾಗ ಅವರು ಗಾಡಿಯಲ್ಲಿದ್ದರು. ನಾನು ಹೇಳಲಿಲ್ಲ. ಎರಡನೆಯ ದಿನ ಅವರು ಬಂದು ಬೂಟು ಬಿಚ್ಚುತ್ತಿದ್ದಾಗ ಮಂಚದಿಂದ ಕುರ್ಚಿಯವರೆಗೆ ನಾಲ್ಕು ಹೆಜ್ಜೆ ನಡೆದಳು. ಒಂದು ಕಾಲಿನಲ್ಲಿ ಬೂಟು ಇದ್ದ ಹಾಗೆಯೇ ಅವರು ನೆಲದ ಮೇಲೆ ಕುಳಿತು ಕೈ ಚಾಚಿದರು. ಇದೇ ಮೊದಲು ಎಂದು ಅವರು ನಂಬಿದ್ದಾರೆ. ಆರು ವರ್ಷವಾಯಿತು. ಹೇಳಬೇಕಿತ್ತೇ ಎಂದು ನನಗೆ ಈಗಲೂ ಗೊತ್ತಾಗುವುದಿಲ್ಲ.

ಹುಬ್ಬಳ್ಳಿಯ ಅಪ್ಪ (ಮೂರು ವಾರಗಳ ನಂತರ)

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ರಜೆ ಸಿಗಲು ಇಷ್ಟು ದಿನ ಹಿಡಿಯಿತು.

ಡಿಸ್ಚಾರ್ಜ್ ಚೀಟಿ ತೆಗೆದು ನೋಡಿದೆ. 35 ವಾರ 2 ದಿನ. ಹದಿನಾಲ್ಕು ತಿಂಗಳಿನಿಂದ ಆ ಕಾಗದ ನಮ್ಮ ಟ್ರಂಕಿನಲ್ಲೇ ಇತ್ತು. ಫಿಜಿಯೊ ಮೇಡಂ ಹೇಳಿದ ಲೆಕ್ಕವನ್ನು ಕ್ಯಾಲೆಂಡರಿನ ಹಿಂದೆ ಬರೆದು ಹೆಂಡತಿಗೆ ತೋರಿಸಿದೆ. ಅವಳು ಅದನ್ನು ಎರಡು ಸಲ ಓದಿ ಕ್ಯಾಲೆಂಡರನ್ನು ಮೊಳೆಗೆ ತಿರುವಿ ಹಾಕಿದಳು, ಲೆಕ್ಕ ಎದುರಿಗೆ ಕಾಣುವ ಹಾಗೆ.

ಗಮನಿಸಿ ಬರೆದಿಡಿ ಎಂದಿದ್ದಿರಿ. ಗಾಡಿಯ ಕೊನೆಗೆ ಗಾರ್ಡ್ ಕೂರುವ ಬ್ರೇಕ್ ವ್ಯಾನಿನಲ್ಲಿ ಪ್ರತಿ ಸ್ಟೇಷನ್ನಿನ ವೇಳೆ ಬರೆಯುವ ಅಭ್ಯಾಸವಿರುವವನು ನಾನು. ಒಂದು ನೋಟ್‌ಬುಕ್ ಇಟ್ಟೆ. ಜರುಗಲು ಬಲಗೈಯನ್ನು ಹೆಚ್ಚು ಊರುತ್ತಾಳೆ, ಆದರೆ ಬಲಗೈಯಲ್ಲಿ ಏನಾದರೂ ಹಿಡಿದಿದ್ದರೆ ಎಡಗೈಯನ್ನೂ ಊರುತ್ತಾಳೆ. ಚಮಚಕ್ಕೆ ಎರಡೂ ಕೈ. ತೊಡೆಯ ಮಡಿಕೆ ಸಮ. ಅವ್ವ ಎಣ್ಣೆ ಹಚ್ಚುವಾಗ ಕಾಲನ್ನು ಅಗಲಿಸಿ ನೋಡಿದಳು, ಎರಡೂ ಸಡಿಲವಾಗಿ ತೆರೆಯುತ್ತವೆ.

ಅಂಗನವಾಡಿಯ ಅಕ್ಕ ಹೇಳಿದ ಹಾಗೆ ಕಾಗದ ಬರೆಸಿಕೊಂಡು ಜಿಲ್ಲಾ ಆಸ್ಪತ್ರೆಗೆ ಹೋದೆವು. ನಾನೇ ಎತ್ತಿಕೊಂಡು ಒಳಗೆ ಹೋದೆ. ಮುಕ್ಕಾಲು ಗಂಟೆ ನೋಡಿದರು. ಸೊಂಟದ ಕೀಲು ಸರಿಯಾಗಿದೆ. ಮಾಂಸಖಂಡ ಸ್ವಲ್ಪ ಸಡಿಲ, ರೋಗವೆನ್ನುವಷ್ಟಲ್ಲ ಎಂದರು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 9.4 ಬಂತು, 11 ಇರಬೇಕಿತ್ತಂತೆ. ಅದಕ್ಕೆ ಔಷಧಿ ಬರೆದಿದ್ದಾರೆ. ವಿಟಮಿನ್ ಡಿ ಹನಿಯನ್ನು ನಾವೂ ನಡುವೆ ನಿಲ್ಲಿಸಿಬಿಟ್ಟಿದ್ದೆವು, ಮತ್ತೆ ಶುರು ಮಾಡಿದ್ದಾರೆ. ಕಲಬುರಗಿಯ ತಂಗಿ, ನೀವು ಬರೆಯದಿದ್ದರೆ ನಾನು ಆ ಸೀಸೆಯ ವಿಷಯವನ್ನು ವೈದ್ಯರ ಎದುರು ಎತ್ತುತ್ತಲೇ ಇರಲಿಲ್ಲ. ಎರಡು ತಿಂಗಳ ನಂತರ ಮತ್ತೆ ಕರೆದಿದ್ದಾರೆ.

ಅಜ್ಜಿ, ಅವ್ವನನ್ನು ಕೇಳಿದೆ. ಮೊದಲು ನೆನಪಿಲ್ಲ ಎಂದಳು. ಸಂಜೆ ರೊಟ್ಟಿ ಬಡಿಯುತ್ತಿದ್ದವಳು ತಟ್ಟನೆ ನಿಲ್ಲಿಸಿ, ನಿನ್ನ ಅಪ್ಪನ ತಂಗಿ ಹೀಗೇ ಜರುಗುತ್ತಿದ್ದಳು, ನಾನು ಮದುವೆಯಾಗಿ ಬಂದಾಗ ಅವಳು ಮಗು, ನಾನೇ ಚಡ್ಡಿ ಹೊಲಿದಿದ್ದೆ ಎಂದಳು. ಆ ಸೋದರತ್ತೆ ಇಂದು ಗೋಕಾಕದಲ್ಲಿ ಎರಡು ಎಕರೆ ಕಬ್ಬನ್ನು ಒಬ್ಬಳೇ ನೋಡಿಕೊಳ್ಳುತ್ತಾಳೆ.

ವಾಕರನ್ನು ಅಂಗಡಿಯವನು ಹಿಂದೆ ತೆಗೆದುಕೊಳ್ಳಲಿಲ್ಲ. ಗಾಲಿಗಳನ್ನು ಬಿಚ್ಚಿ ಹಾಕಿದೆ. ಅಣ್ಣನಿಗೆ ಬೇಸರವಾಯಿತು. ಕಾರಣ ವಿವರಿಸಿದೆ, ಕೇಳಿಕೊಂಡ.

ಗುಂತಕಲ್ಲಿನ ಅಕ್ಕ, ನೀವು ಬರೆದದ್ದನ್ನು ಹೆಂಡತಿಗೆ ಓದಿ ಹೇಳಿದೆ. ಆಮೇಲೆ ಅವಳಿಗೆ ಹೇಳಿದೆ, ನಾನು ಎಲ್ಲೇ ಇರಲಿ, ಯಾವ ಹೊತ್ತಾದರೂ ಇರಲಿ, ನಡೆದ ದಿನವೇ ನನಗೆ ತಿಳಿಸು. ಡ್ಯೂಟಿಯಲ್ಲಿ ಫೋನ್ ಎತ್ತಲಾಗದು. ಇಳಿದ ಮೇಲೆ ನೋಡುತ್ತೇನೆ. ನನ್ನ ಕಣ್ಣೆದುರೇ ಆಗಬೇಕೆಂದಿಲ್ಲ. ಅವಳು ನೋಡಿದ್ದನ್ನು ಅವಳ ಬಾಯಿಯಿಂದ ಕೇಳಬೇಕು. ನಿಮ್ಮವರ ವಿಷಯ ನಾನು ಹೇಳುವಂಥದ್ದಲ್ಲ. ಆದರೆ ನಾನಾಗಿದ್ದರೆ ಆರು ವರ್ಷದ ನಂತರವೂ ಕೇಳಲು ಇಷ್ಟಪಡುತ್ತಿದ್ದೆ.

ಶಿರಸಿ ಕಡೆಯ ಅಜ್ಜಿ

ಕಲಬುರಗಿಯ ಮಗಳು ಹೇಳಿದ್ದೇ ಸರಿ. ನಮ್ಮ ಕಾಲದಲ್ಲಿ ತೋರಿಸಲು ಹತ್ತಿರದಲ್ಲಿ ಯಾರೂ ಇರಲಿಲ್ಲ, ಹಾಗಾಗಿ ಕಾಯುವುದನ್ನು ಮಾತ್ರ ಕಲಿತೆವು. ನನ್ನ ಮಗ ನಡೆದ ಎಂದು ಎಲ್ಲರ ಮಕ್ಕಳಿಗೂ ಅದನ್ನೇ ಹೇಳಬಾರದಿತ್ತು. ತಮ್ಮಾ, ಕಬ್ಬಿಣದ ಔಷಧಿ ಕೊಟ್ಟ ಮೇಲೆ ಮಲ ಕಪ್ಪಾಗುತ್ತದೆ, ಹೆದರಬೇಡಿ. ಜೊತೆಗೆ ನಿಂಬೆ ಹಿಂಡಿದ ಬೇಳೆಕಟ್ಟು ಕೊಡಿ.

ಹುಬ್ಬಳ್ಳಿಯ ಅಪ್ಪ (ಸುಮಾರು ಎರಡೂವರೆ ತಿಂಗಳ ನಂತರ)

ಮತ್ತೆ ಕ್ಯಾಸಲ್ ರಾಕ್. ಮಳೆ ಹಿಡಿದಿದೆ, ಇಲ್ಲಿ ಒಮ್ಮೆ ಹಿಡಿದರೆ ಹಂಚಿನ ಸದ್ದಿನಲ್ಲಿ ಫೋನಿನ ಮಾತು ಕೇಳಿಸುವುದಿಲ್ಲ. ಹಾಗಾಗಿ ಹೆಂಡತಿ ಬರೆದು ಕಳುಹಿಸಿದ್ದಾಳೆ.

ಮೊದಲು ಹಿಂದಿನದನ್ನು ಹೇಳುತ್ತೇನೆ. ಎರಡನೆಯ ಭೇಟಿಗೆ ಹೋಗಿ ಬಂದೆವು, ಹಿಮೋಗ್ಲೋಬಿನ್ 11.2 ಆಗಿದೆ. ತೊಡೆಯ ಮೇಲೆ ಕುದುರೆ ಏರಿಸಿ ಕೂರಿಸುವ ಆಟವನ್ನು ಅವಳು ಎಷ್ಟು ಹಚ್ಚಿಕೊಂಡಿದ್ದಾಳೆಂದರೆ ನಾನು ಯೂನಿಫಾರ್ಮ್ ಬಿಚ್ಚುವ ಮೊದಲೇ ಬಂದು ಮೊಣಕಾಲು ತಟ್ಟುತ್ತಾಳೆ. ಹದಿನೈದೂವರೆ ತಿಂಗಳಿಗೆ ಪಾದ ಊರಿದಳು. ಆಮೇಲೆ ಕಬ್ಬಿಣದ ಮಂಚದ ಅಂಚು ಹಿಡಿದು ಎದ್ದು ನಿಂತಳು. ಅಡಿಕೆ ದಬ್ಬೆ ಇಲ್ಲಿ ಸಿಗುವುದಿಲ್ಲ. ಪಡಸಾಲೆಯ ಗೋಡೆಯುದ್ದಕ್ಕೂ ಟ್ರಂಕು, ಸ್ಟೂಲು, ಹೊಲಿಗೆ ಯಂತ್ರ ಒಂದರ ಪಕ್ಕ ಒಂದು ಇಟ್ಟಿದ್ದೇವೆ. ಅವನ್ನು ಹಿಡಿದು ಪಕ್ಕಕ್ಕೆ ಹೋಗುತ್ತಾಳೆ. ಕೈ ಬಿಟ್ಟು ಇನ್ನೂ ನಡೆದಿಲ್ಲ. ಹದಿನೇಳು ತಿಂಗಳು ಆಗಿದೆ, ಲೆಕ್ಕ ಹಾಕಿದರೆ ಹದಿನಾರು.

ನಮ್ಮ ಮನೆಯಲ್ಲಿ ಮಗು ಹೊಸಿಲು ದಾಟಿದ ದಿನ ಹೊಸಿಲಿನ ಮೇಲೆ ಕೊಬ್ಬರಿ ಬೆಲ್ಲ ಇಟ್ಟು, ಓಣಿಯ ಮಕ್ಕಳಿಗೆ ಹಂಚುತ್ತೇವೆ. ಅಂಬೆಗಾಲು ಇಡುವ ಮಕ್ಕಳು ಒಂಬತ್ತು ಹತ್ತು ತಿಂಗಳಿಗೆ ದಾಟುತ್ತಾರೆ. ಅವ್ವ ನವರಾತ್ರಿಯಲ್ಲೇ ಕೊಬ್ಬರಿ ಬಟ್ಟಲು ತಂದು ಡಬ್ಬಿಯಲ್ಲಿ ಇಟ್ಟಿದ್ದಳು. ಅದು ಕಮಟು ಹಿಡಿಯಿತು. ಬೇರೆ ತಂದಳು. ಯಾರೂ ಅದರ ಮಾತು ಎತ್ತುತ್ತಿರಲಿಲ್ಲ.

ಇಂದು ಹೆಂಡತಿ ಬರೆದದ್ದು ಇಷ್ಟು. ಮಧ್ಯಾಹ್ನ ಅಡುಗೆಮನೆಯ ಬಾಗಿಲಿನವರೆಗೆ ಜರುಗಿಕೊಂಡು ಬಂದಳು. ಯಾವಾಗಿನಂತೆ ಕೈ ಚಾಚಲಿಲ್ಲ. ಬಾಗಿಲಿನ ಚೌಕಟ್ಟು ಹಿಡಿದು ಎದ್ದಳು. ಬಲಗಾಲನ್ನು ಎತ್ತಿ ಹೊಸಿಲಿನ ಆಚೆ ಇಟ್ಟಳು. ಸ್ವಲ್ಪ ಹೊತ್ತು ಹಾಗೆಯೇ ನಿಂತಿದ್ದಳು, ಒಂದು ಕಾಲು ಈಚೆ, ಒಂದು ಕಾಲು ಆಚೆ. ಅತ್ತೆ ಲಟ್ಟಣಿಗೆ ಹಿಡಿದುಕೊಂಡು ಉಸಿರು ಬಿಗಿಹಿಡಿದಿದ್ದರು, ನಾನು ಮಾತಾಡಲಿಲ್ಲ. ಆಮೇಲೆ ಎಡಗಾಲನ್ನೂ ಎಳೆದುಕೊಂಡಳು. ನೀವು ಬರುವವರೆಗೆ ಕಾಯಬೇಕೇ ಎಂದು ಅತ್ತೆ ಕೇಳುತ್ತಿದ್ದಾರೆ.

ಕಾಯಬೇಡಿ, ಇಂದೇ ಹಂಚಿ ಎಂದು ಬರೆದು ಕಳುಹಿಸಿದ್ದೇನೆ. ನನ್ನ ಪಾಲನ್ನು ಡಬ್ಬಿಯಲ್ಲಿ ಇಡಲು ಹೇಳಿದ್ದೇನೆ. ನಾಳೆ ರಾತ್ರಿ ಹನ್ನೊಂದಕ್ಕೆ ಮನೆ ಸೇರುತ್ತೇನೆ.